ಗಾಡಿ ಪಿಕಪ್ ತಡಮಾಡಿದರೆ ಮೊದಲು ನೋಡಬೇಕಾದುದೇನು?



ಅಡಿಕೆಯ ಕೊಳೆ, ಕಾಫಿಯ ಕಾಂಡಕೊರಕ, ಪೇಟೆಯ ಧಾರಣೆ ಇವುಗಳ ಬಗೆಗೆ ಈ ಪುಟಗಳಲ್ಲಿ ನಾವು ಮೇಲಿಂದ ಮೇಲೆ ಬರೆಯುತ್ತ ಬಂದಿದ್ದೇವೆ. ಈ ಸಲ ಮನೆಯ ಅಂಗಳದಲ್ಲಿ ನಿಂತಿರುವ ವಾಹನದ ವಿಷಯವನ್ನು ಎತ್ತಿಕೊಂಡಿದ್ದೇವೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳ ಬೆಳೆಗಾರನಿಗೆ ಗಾಡಿಯೆಂಬುದು ಷೋಕಿಯ ವಸ್ತುವಲ್ಲ. ಅಡಿಕೆ ಚೀಲ, ಕಾಫಿ ಹಣ್ಣು, ಮೈಲುತುತ್ತು, ಸುಣ್ಣ, ಕೂಲಿಯಾಳು, ಶಾಲೆಯ ಮಕ್ಕಳು, ಕೊನೆಗೆ ರಾತ್ರಿ ಹೊತ್ತು ಕಾಯಿಲೆಯವರು ಎಲ್ಲರೂ ಅದರಲ್ಲಿಯೇ ಹೋಗಬೇಕು. ಅಂಥ ಗಾಡಿ ಆಕ್ಸಿಲರೇಟರ್ ತುಳಿದಾಗ ತಕ್ಷಣ ಮುಂದೆ ಹೋಗದೆ ಎರಡು ಉಸಿರು ತಡಮಾಡಿದರೆ ಏನಾಗಬಹುದೆಂಬುದನ್ನು ಹೋದ ಮಳೆಗಾಲದಲ್ಲಿ ನಾವು ಕಣ್ಣಾರೆ ಕಂಡೆವು. ನಮ್ಮ ತಪ್ಪೂ ಅದರಲ್ಲಿ ಸೇರಿದ್ದರಿಂದ ಮುಚ್ಚಿಡದೆ ಬರೆಯುತ್ತಿದ್ದೇವೆ.

ಅಣಶಿ ಘಟ್ಟದಲ್ಲಿ ನಡೆದದ್ದು

ನೆರೆಮನೆಯ ಹಿರಿಯ ತಾಯಿಯೊಬ್ಬರನ್ನು ಕಾರವಾರದ ವೈದ್ಯರಿಗೆ ತೋರಿಸಿ, ಕದ್ರಾ ಮಾರ್ಗವಾಗಿ ಅಣಶಿ ಘಟ್ಟ ಹತ್ತಿ ಊರಿಗೆ ಮರಳುತ್ತಿದ್ದೆವು. ನಮ್ಮದು ಹತ್ತು ವರ್ಷ ಹಳೆಯ ಟರ್ಬೊ ಡೀಸೆಲ್ ಗಾಡಿ. ಮುಂದೆ ಭಾರ ಹೇರಿದ ಲಾರಿಯೊಂದು ಏದುಸಿರು ಬಿಡುತ್ತ ಹತ್ತುತ್ತಿತ್ತು. ತುಸು ನೇರ ರಸ್ತೆ ಸಿಕ್ಕಿತು. ಹಾರ್ನ್ ಕೊಟ್ಟು ಬಲಕ್ಕೆ ಬಂದು ಆಕ್ಸಿಲರೇಟರನ್ನು ಪೂರ್ತಿ ತುಳಿದೆವು. ಇಂಜಿನ್ ಸದ್ದು ಮಾಡಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಲಾರಿಯ ಅರ್ಧಕ್ಕೆ ಬಂದು ಅದರ ಜೊತೆ ಜೊತೆಯಲ್ಲಿಯೇ ತೆವಳತೊಡಗಿದೆವು. ಅಷ್ಟರಲ್ಲಿ ಎದುರಿನ ತಿರುವಿನಿಂದ ಬಸ್ಸು ಕಾಣಿಸಿತು. ಬ್ರೇಕ್ ಹಾಕಿ ಲಾರಿಯ ಹಿಂದಕ್ಕೆ ಸರಿದೆವು. ಬಸ್ಸಿನ ಚಾಲಕನೂ ಬ್ರೇಕ್ ತುಳಿದು ಪಕ್ಕಕ್ಕೆ ಕೊಟ್ಟ. ಯಾರಿಗೂ ಏನೂ ಆಗಲಿಲ್ಲ. ಹಿಂದೆ ಕುಳಿತ ತಾಯಿ ಮಾತ್ರ ಜೋಯಿಡಾ ತಲುಪುವವರೆಗೆ ಮಾತಾಡಲಿಲ್ಲ.

ಆ ದಿನ ನಾವು ಉಳಿದದ್ದು ಬಸ್ ಚಾಲಕನ ಎಚ್ಚರದಿಂದ. ಗಾಡಿ ಹೀಗೆ ತಡಮಾಡುತ್ತಿರುವುದು ಮೂರು ವಾರಗಳಿಂದ ನಮಗೆ ತಿಳಿದೇ ಇತ್ತು. ತೋಟಕ್ಕೆ ಔಷಧ ಹೊಡೆಯುವ ಗಡಿಬಿಡಿಯಲ್ಲಿ, ಮಳೆ ಬಿಟ್ಟ ಮೇಲೆ ತೋರಿಸಿದರಾಯಿತೆಂದು ಮುಂದೂಡಿದ್ದೆವು. ಪಿಕಪ್ ಕಡಿಮೆಯಾಗುವುದು ಒಂದೇ ದಿನ ಆಗುವುದಲ್ಲ. ದಿನದಿನಕ್ಕೆ ತುಸು ತುಸು ಕಡಿಮೆಯಾಗುವುದರಿಂದ ಓಡಿಸುವವನ ಕಾಲೂ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಬೇರೆಯವರು ಬಂದು ಓಡಿಸಿ, "ಇದೇನು, ನಿಮ್ಮ ಗಾಡಿ ಎಳೆಯುವುದೇ ಇಲ್ಲವಲ್ಲ" ಎಂದಾಗಲೇ ಅರಿವಾಗುವುದು.

ಎರಡು ಸೆಕೆಂಡಿನ ಲೆಕ್ಕ

ಎರಡು ಸೆಕೆಂಡು ಎಂದರೆ ಕಡಿಮೆಯೆನಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಎದುರಿನಿಂದ ಬರುವ ಗಾಡಿಯೂ ಅಷ್ಟೇ ವೇಗದಲ್ಲಿದ್ದರೆ ನಡುವಿನ ಅಂತರ ಸೆಕೆಂಡಿಗೆ 28 ಮೀಟರಿನಂತೆ ಕರಗುತ್ತದೆ. ಎರಡು ಸೆಕೆಂಡಿನಲ್ಲಿ ಹೋಗುವುದು ಸುಮಾರು 55 ಮೀಟರ್. ನಮ್ಮ ಕಾಡು ದಾರಿಯಲ್ಲಿ ತಿರುವಿನಿಂದ ತಿರುವಿಗೆ ನೂರು ಮೀಟರ್ ನೇರ ಕಂಡರೆ ಅದೇ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದೂರ, ಗಾಡಿ ಎಳೆಯಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿಯೇ ಮುಗಿದಿರುತ್ತದೆ.

ಆದುದರಿಂದ ಮೊದಲನೆಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಪಿಕಪ್ ತಡವಾಗುತ್ತಿದೆ ಎಂದು ಗೊತ್ತಾದ ದಿನದಿಂದ ಅದು ಸರಿಯಾಗುವವರೆಗೆ ಯಾವ ಗಾಡಿಯನ್ನೂ ಹಿಂದೆ ಹಾಕಬಾರದು. ಮುಖ್ಯ ರಸ್ತೆಗೆ ಏರುವಾಗಲೂ ಎರಡೂ ಕಡೆ ಪೂರ್ತಿ ಖಾಲಿಯಾಗುವವರೆಗೆ ಕಾಯಬೇಕು. ಲಾರಿಯ ಹಿಂದೆ ಹತ್ತು ನಿಮಿಷ ಹೊಗೆ ಕುಡಿದರೆ ನಷ್ಟವೇನಿಲ್ಲ.

ಹಣ ಹೋದ ಬಗೆ

ಮರುವಾರವೇ ಗಾಡಿಯನ್ನು ಪೇಟೆಯ ಗ್ಯಾರೇಜೊಂದಕ್ಕೆ ಒಯ್ದೆವು. ರೇಸ್ ಕೊಟ್ಟಾಗ ಹಿಂದೆ ಕಪ್ಪು ಹೊಗೆ ಬರುತ್ತಿತ್ತು. ಕಪ್ಪು ಹೊಗೆ ಎಂದರೆ ಇಂಜೆಕ್ಟರ್ ಹೋಗಿದೆ ಎಂಬುದು ಬಹಳ ಕಾಲದಿಂದ ಬಂದ ತೀರ್ಪು. ನಾವೂ ತಲೆಯಾಡಿಸಿದೆವು. ನಾಲ್ಕೂ ಇಂಜೆಕ್ಟರ್ ಬದಲಾದವು. ಒಂದು ಕ್ವಿಂಟಲಿಗೂ ಮೇಲಿನ ಚಾಲಿ ಅಡಿಕೆಯ ಹಣ ಅಲ್ಲಿ ಕರಗಿತು. ಗಾಡಿ ತೆಗೆದುಕೊಂಡು ಗಣೇಶಗುಡಿಯ ಏರಿಗೆ ಬಂದರೆ ಹಿಂದಿನ ಕಥೆಯೇ.

ಕೊನೆಗೆ ನಮ್ಮ ಸದಸ್ಯರೊಬ್ಬರ ಮಗ, ಡಿಪ್ಲೊಮಾ ಓದಿ ಊರಿನಲ್ಲಿಯೇ ಕೆಲಸ ಹಚ್ಚಿಕೊಂಡವನು, ಗಾಡಿ ನೋಡಲು ಬಂದ. ಬಾನೆಟ್ ಎತ್ತುವ ಮೊದಲು ಅವನು ಕೇಳಿದ್ದು ಪ್ರಶ್ನೆಗಳನ್ನು. "ಮಾವ, ತಡ ಆಗೋದು ಬರೀ ಏರಿನಲ್ಲೋ, ಸಪಾಟು ರಸ್ತೆಯಲ್ಲೂ ಆಗ್ತದೋ? ಇಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಸುಸ್ ಅಂತ ಏನಾದರೂ ಸದ್ದು ಬರ್ತದೋ?" ಸದ್ದಿನ ಮಾತು ಬಂದಾಗಲೇ ನಮಗೆ ನೆನಪಾದದ್ದು. ಏರಿನಲ್ಲಿ ಕಿಟಕಿ ಇಳಿಸಿದರೆ ಕುಕ್ಕರಿನ ಸೀಟಿ ಏಳುವ ಮೊದಲು ಬರುವಂಥ ಸದ್ದೊಂದು ಕೇಳುತ್ತಿತ್ತು. ಅದನ್ನು ನಾವು ಯಾರಿಗೂ ಹೇಳಿರಲಿಲ್ಲ, ಗ್ಯಾರೇಜಿನವರು ಕೇಳಿಯೂ ಇರಲಿಲ್ಲ.

ಇಂಜಿನ್ ಆರಿಸಿ ತಣ್ಣಗಾದ ಮೇಲೆ ಅವನು ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಕೈಯಿಂದ ಹಿಸುಕಿದ. ಮೇಲಿನಿಂದ ಪೈಪು ಸರಿಯಾಗಿಯೇ ಇತ್ತು. ಅಡಿಯಲ್ಲಿ ಬೆರಳುದ್ದ ಸೀಳಿತ್ತು. ಸುತ್ತ ಎಣ್ಣೆ ಜಿಡ್ಡು ಹಿಡಿದು ಧೂಳು ಮೆತ್ತಿಕೊಂಡಿತ್ತು. ನಿಂತ ಗಾಡಿಯಲ್ಲಿ ಆ ಸೀಳು ಮುಚ್ಚಿಕೊಂಡಿರುತ್ತದೆ. ಏರಿನಲ್ಲಿ ಟರ್ಬೊ ಒತ್ತಡ ಏರಿದಾಗ ಬಾಯಿ ಬಿಡುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಗಾಳಿ ಕಡಿಮೆಯಾಗಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ. ಏರ್ ಫಿಲ್ಟರಿನ ಪೆಟ್ಟಿಗೆ ತೆಗೆದರೆ ಅದರೊಳಗೆ ಕೆಮ್ಮಣ್ಣಿನ ಧೂಳಿನ ಜೊತೆಗೆ ಅಡಿಕೆ ಸಿಪ್ಪೆಯ ನಾರು! ಕಣದ ಪಕ್ಕ ಗಾಡಿ ನಿಲ್ಲಿಸುತ್ತಿದ್ದುದರಿಂದ ಇಲಿ ಅಲ್ಲಿ ಸಂಸಾರ ಹೂಡಿತ್ತು. ಹೊಸ ಪೈಪು, ಹೊಸ ಫಿಲ್ಟರ್ ಎರಡೂ ಸೇರಿ ಒಂದು ಇಂಜೆಕ್ಟರಿನ ಬೆಲೆಯ ಕಾಲು ಭಾಗವೂ ಆಗಲಿಲ್ಲ. ಗಾಡಿ ಮೊದಲಿನಂತಾಯಿತು.

ಗ್ಯಾರೇಜಿನವರನ್ನು ದೂರುವುದಕ್ಕಾಗಿ ಇದನ್ನು ಬರೆದಿಲ್ಲ. ರೋಗಿ ತನ್ನ ಲಕ್ಷಣ ಹೇಳದಿದ್ದರೆ ವೈದ್ಯನೂ ಊಹೆಯ ಮೇಲೆ ಔಷಧ ಕೊಡಬೇಕಾಗುತ್ತದೆ. ಉಳವಿಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬರುವ ರೈತರನ್ನು ನೋಡಿದ್ದೇವೆ. ಎತ್ತು ಹೆಜ್ಜೆ ತಡಮಾಡಿದರೆ ಅವರು ಬಾರುಕೋಲು ಎತ್ತುವುದಿಲ್ಲ. ಇಳಿದು ಗೊರಸು ನೋಡುತ್ತಾರೆ, ನೊಗ ನೋಡುತ್ತಾರೆ, ಗಾಲಿ ನೋಡುತ್ತಾರೆ. ಗಾಡಿಗೂ ಅದೇ ಕ್ರಮ ಬೇಕು.

ಬರೆದಿಟ್ಟುಕೊಳ್ಳಬೇಕಾದ ಐದು ಸಂಗತಿ

ಗ್ಯಾರೇಜಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಇಷ್ಟನ್ನು ಬರೆದುಕೊಳ್ಳುವುದು ಒಳ್ಳೆಯದು.

1. ತಡವಾಗುವುದು ಏರಿನಲ್ಲಿ, ಭಾರವಿದ್ದಾಗ ಮಾತ್ರವೋ, ಯಾವಾಗಲೂವೋ.

2. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ.

3. ಇಂಜಿನ್ನಿನ ಸುತ್ತು ಏರುತ್ತಿದ್ದರೂ ಗಾಡಿ ಓಡುವುದಿಲ್ಲವೋ, ಅಥವಾ ಸುತ್ತೇ ಏರುವುದಿಲ್ಲವೋ.

4. ಹೊಗೆ ಬರುತ್ತದೆಯೇ, ಯಾವ ಬಣ್ಣ. ಕಪ್ಪು ಎಂದರೆ ಗಾಳಿಗೆ ಹೋಲಿಸಿದರೆ ಎಣ್ಣೆ ಹೆಚ್ಚು. ನೀಲಿ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಎಂದರೆ ಡೀಸೆಲ್ ಉರಿಯದೆ ಹೋಗುತ್ತಿದೆ ಅಥವಾ ಇಂಜಿನ್ನಿನೊಳಗೆ ನೀರು ಸೇರುತ್ತಿದೆ.

5. ಮುಂದಿನ ಫಲಕದಲ್ಲಿ ಹಳದಿ ಇಂಜಿನ್ ದೀಪ ಉರಿಯುತ್ತಿದೆಯೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸುತ್ತು ಏರಿ ಗಾಡಿ ಓಡದಿದ್ದರೆ ಇಂಜಿನ್ನನ್ನು ಬಿಚ್ಚುವ ಅಗತ್ಯವೇ ಇಲ್ಲ, ದೋಷ ಕ್ಲಚ್ಚಿನಲ್ಲಿರುವ ಸಂಭವ ಹೆಚ್ಚು. ಸುತ್ತೇ ಏರದಿದ್ದರೆ ಗಾಳಿ, ಎಣ್ಣೆ, ಕಿಡಿ ಇವುಗಳ ಕಡೆ ನೋಡಬೇಕು. ಇನ್ನೊಂದು ಮಾತು: ನಿಂತ ಗಾಡಿಗೆ ರೇಸ್ ಕೊಟ್ಟು ನೋಡಿದರೆ ಅರ್ಧ ದೋಷಗಳು ತೋರುವುದಿಲ್ಲ. ಮೆಕ್ಯಾನಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಏರು ಹತ್ತಿಸಿ ತೋರಿಸಬೇಕು.

ಮೊದಲು ಗಾಳಿ

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 9 ಸಾವಿರ ಲೀಟರ್ ಗಾಳಿ ಬೇಕು. ಡೀಸೆಲ್ಲಿಗೆ ಇನ್ನೂ ಹೆಚ್ಚು. ಇಷ್ಟೂ ಗಾಳಿ ಒಂದು ಕಾಗದದ ಫಿಲ್ಟರಿನ ಮೂಲಕವೇ ಹೋಗಬೇಕು. ಹಳಿಯಾಳ, ಮುಂಡಗೋಡ ಕಡೆ ಸುಗ್ಗಿಯ ಕಾಲದಲ್ಲಿ ಕಬ್ಬು, ಭತ್ತ ಹೇರಿದ ಗಾಡಿಗಳ ಹಿಂದೆ ಓಡುವ ವಾಹನ, ಜೋಯಿಡಾದ ಒಳದಾರಿಯಲ್ಲಿ ಓಡುವ ವಾಹನ ಎಷ್ಟು ಧೂಳು ನುಂಗುತ್ತದೆಂದು ಹೇಳಬೇಕಾಗಿಲ್ಲ. ಕಂಪನಿಯ ಪುಸ್ತಕದಲ್ಲಿ ಹೇಳಿದ ಅವಧಿ ಡಾಂಬರು ರಸ್ತೆಯ ಲೆಕ್ಕ. ನಮ್ಮಲ್ಲಿ ಅದರ ಅರ್ಧಕ್ಕೇ ಫಿಲ್ಟರ್ ತೆಗೆದು ನೋಡತಕ್ಕದ್ದು. ಬೆಳಕಿಗೆ ಹಿಡಿದರೆ ಬೆಳಕು ದಾಟದಿದ್ದಲ್ಲಿ ಬದಲಾಯಿಸಬೇಕು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಟಯರಿಗೆ ಗಾಳಿ ಹೊಡೆಯುವ ಪೈಪನ್ನು ಹತ್ತಿರ ಹಿಡಿದು ಜೋರಾಗಿ ಊದಿದರೆ ಕಾಗದ ಹರಿದು ಧೂಳು ನೇರವಾಗಿ ಇಂಜಿನ್ನಿಗೇ ಹೋಗುತ್ತದೆ. ಇದು ಕಟ್ಟಿದ ಫಿಲ್ಟರಿಗಿಂತ ಕೆಡುಕು.

ಫಿಲ್ಟರ್ ಆದ ಮೇಲೆ ಪೈಪುಗಳು. ಟರ್ಬೊ ಇರುವ ಗಾಡಿಯಲ್ಲಿ ಪ್ರತಿಯೊಂದು ರಬ್ಬರ್ ಪೈಪಿನ ಅಡಿಭಾಗವನ್ನೂ, ಕ್ಲಿಪ್ಪಿನ ಬುಡವನ್ನೂ ಕೈಯಾಡಿಸಿ ನೋಡಬೇಕು. ಎಣ್ಣೆ ಜಿಡ್ಡಿನ ಮೇಲೆ ಧೂಳು ಮೆತ್ತಿದ್ದರೆ ಅಲ್ಲಿ ಗಾಳಿ ಸೋರುತ್ತಿರಬಹುದು. ಟರ್ಬೊ ಬೆಂಕಿಯಂತೆ ಕಾದಿರುತ್ತದೆಯಾದ್ದರಿಂದ ಇಂಜಿನ್ ಆರಿಸಿ ಗಂಟೆ ಕಳೆದ ಮೇಲೆಯೇ ಕೈ ಹಾಕುವುದು.

ಸಮುದ್ರಮಟ್ಟದಿಂದ ಎತ್ತರದ ಊರಾದ್ದರಿಂದ ಗಾಡಿ ಎಳೆಯುವುದಿಲ್ಲ ಎಂದು ಕೆಲವರು ಹೇಳುವುದುಂಟು. ಟರ್ಬೊ ಇಲ್ಲದ ಇಂಜಿನ್ ನೂರು ಮೀಟರ್ ಏರಿದರೆ ಹೆಚ್ಚುಕಡಿಮೆ ನೂರರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುವುದು ನಿಜ. ಆದರೆ ನಮ್ಮ ಊರುಗಳು ಬಹುತೇಕ 500 ಮೀಟರಿನ ಆಚೀಚೆ ಇರುವಂಥವು. ನೂರಕ್ಕೆ ಐದರ ಈ ಕೊರತೆ ಎರಡು ಸೆಕೆಂಡಿನ ತಡಕ್ಕೆ ಕಾರಣವಾಗಲಾರದು.

ಬಳಿಕ ಎಣ್ಣೆ

ಮಳೆಗಾಲದಲ್ಲಿ ಡೀಸೆಲ್ಲಿನ ದೊಡ್ಡ ವೈರಿ ನೀರು. ಅರ್ಧ ಖಾಲಿಯಿರುವ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿಯ ತಂಪಿಗೆ ನೀರು ಹನಿಗಟ್ಟುತ್ತದೆ. ಪಂಪ್‌ಸೆಟ್ಟಿಗೆಂದು ಡ್ರಮ್ಮಿನಲ್ಲಿ ಇಟ್ಟ ಡೀಸೆಲ್ಲನ್ನು ಗಾಡಿಗೂ ಸುರಿಯುವ ರೂಢಿ ನಮ್ಮಲ್ಲಿ ಇದೆ. ಡ್ರಮ್ಮಿನ ಮುಚ್ಚಳದ ಮೇಲೆ ನಿಂತ ಮಳೆನೀರು ಒಳಗೆ ಇಳಿದಿರುತ್ತದೆ. ಹಳೆಯ ಜೀಪುಗಳು ಇದನ್ನು ಹೇಗೋ ತಾಳಿಕೊಳ್ಳುತ್ತಿದ್ದವು. ಈಗಿನ ಕಾಮನ್ ರೇಲ್ ಇಂಜಿನ್‌ಗಳಲ್ಲಿ ಡೀಸೆಲ್ ಒತ್ತಡ 1,600 ಬಾರ್ ಮತ್ತು ಅದಕ್ಕೂ ಮೇಲಿರುತ್ತದೆ. ಕಾರಿನ ಟಯರಿನ ಒತ್ತಡ ಎರಡು ಬಾರಿಗೆ ತುಸು ಹೆಚ್ಚು ಎಂದರೆ ಹೋಲಿಸಿ ನೋಡಬಹುದು. ಅಷ್ಟು ಸೂಕ್ಷ್ಮದ ಇಂಜೆಕ್ಟರಿಗೆ ನೀರು ಹೋದರೆ ತುಕ್ಕು ಹಿಡಿದು ಹಾಳಾಗುತ್ತದೆ. ಆಗ ನಿಜವಾಗಿಯೂ ಇಂಜೆಕ್ಟರ್ ಬದಲಾಯಿಸಬೇಕಾಗುತ್ತದೆ.

ಬಹುತೇಕ ಡೀಸೆಲ್ ಫಿಲ್ಟರುಗಳ ಅಡಿಯಲ್ಲಿ ನೀರು ಬಿಡುವ ತಿರುಪು ಇರುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅದನ್ನು ಸಡಿಲಿಸಿ, ಗಾಜಿನ ಶೀಷೆಯಲ್ಲಿ ಹಿಡಿದು ಹತ್ತು ನಿಮಿಷ ಇಟ್ಟರೆ ನೀರು ಕೆಳಗೆ ನಿಲ್ಲುತ್ತದೆ. ನೀರು ಕಂಡರೆ ಡೀಸೆಲ್ ಎಲ್ಲಿಂದ ಬಂತೆಂದು ನೋಡಬೇಕು. ಫಿಲ್ಟರ್ ಕಟ್ಟಿದ್ದರೆ ಇನ್ನೊಂದು ಲಕ್ಷಣವಿದೆ: ಸಣ್ಣ ವೇಗದಲ್ಲಿ ಗಾಡಿ ಚೆನ್ನಾಗಿರುತ್ತದೆ, ಏರಿನಲ್ಲಿ ಹೆಚ್ಚು ಎಣ್ಣೆ ಬೇಕಾದಾಗ ಮಾತ್ರ ತಡವರಿಸುತ್ತದೆ.

ಹಳೆಯ ಜೀಪು ಇರುವವರು ಟ್ಯಾಂಕಿನ ಮುಚ್ಚಳವನ್ನೂ ಗಮನಿಸಬೇಕು. ಗಾಳಿಯಾಡುವ ತೂತಿಗೆ ಕುಂಬಾರ ಹುಳ ಮಣ್ಣು ಮೆತ್ತಿದ್ದರೆ ಟ್ಯಾಂಕಿನಲ್ಲಿ ನಿರ್ವಾತವಾಗಿ ಎಣ್ಣೆ ಬರುವುದು ನಿಲ್ಲುತ್ತದೆ. ಗಾಡಿ ತಡವರಿಸಿದಾಗ ನಿಲ್ಲಿಸಿ ಮುಚ್ಚಳ ತಿರುಗಿಸಿದರೆ ಗಾಳಿ ಒಳಗೆ ಎಳೆದುಕೊಳ್ಳುವ ಸದ್ದು ಕೇಳಿ, ಮತ್ತೆ ಕೆಲವು ಕಿ.ಮೀ. ಚೆನ್ನಾಗಿ ಓಡಿದರೆ ದೋಷ ಅಲ್ಲಿಯೇ ಎಂದು ತಿಳಿಯಬೇಕು.

ಪೆಟ್ರೋಲ್ ಗಾಡಿಗಳ ಬಗೆಗೆ ಎರಡು ಮಾತು. ಪ್ಲಗ್ಗು ಸವೆದು ಅಥವಾ ಕಾಯಿಲ್ ಬಲಗುಂದಿದ್ದರೆ ತುಳಿದ ಕ್ಷಣದಲ್ಲಿ ಮಿಸ್ಸಿಂಗ್ ಆಗಿ ಗಾಡಿ ಜಗ್ಗುತ್ತದೆ. ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದರೂ ಅಷ್ಟೇ. ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ತುಳಿದಾಗ ಒಂದು ಚಿಮ್ಮು ಪೆಟ್ರೋಲ್ ಕೊಡುವ ಪುಟ್ಟ ಪಂಪು ಇರುತ್ತದೆ. ಅದರ ವಾಷರ್ ಸವೆದರೆ ಮೊದಲ ಕ್ಷಣ ಇಂಜಿನ್ ಬಿಕ್ಕುತ್ತದೆ. ಈಗ ಬರುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಶಕ್ತಿ ಕಡಿಮೆಯಾದ್ದರಿಂದ ಮೈಲೇಜು ತುಸು ಇಳಿಯುವುದು ಸಹಜ. ಅಷ್ಟರಿಂದಲೇ ಪಿಕಪ್ ಎರಡು ಸೆಕೆಂಡ್ ತಡವಾಗುವುದಿಲ್ಲ. ಆದರೆ ಎಥೆನಾಲ್ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಟ್ಯಾಂಕನ್ನು ಅರ್ಧ ಖಾಲಿ ಬಿಡಬಾರದು. ಹಳೆಯ ಗಾಡಿಗಳ ರಬ್ಬರ್ ಪೈಪುಗಳನ್ನು ವರ್ಷಕ್ಕೊಮ್ಮೆ ನೋಡಿಸಬೇಕು.

ಕ್ಲಚ್, ಬ್ರೇಕ್ ಮತ್ತು ಕಾಲಡಿಯ ಚಾಪೆ

ಕ್ಲಚ್ ಜಾರುತ್ತಿದೆಯೇ ಎಂದು ತಿಳಿಯಲು ಖಾಲಿ ಸಪಾಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಟಾಪ್ ಗೇರಿಗೆ ಹಾಕಿ ಆಕ್ಸಿಲರೇಟರ್ ತುಳಿಯಿರಿ. ಇಂಜಿನ್ ಸದ್ದು ಥಟ್ಟನೆ ಏರಿ ವೇಗ ಏರದಿದ್ದರೆ ಪ್ಲೇಟು ಸವೆದಿದೆ. ಸುಟ್ಟ ವಾಸನೆಯೂ ಬರುತ್ತದೆ. ಏರಿನಲ್ಲಿ ಬ್ರೇಕಿನ ಬದಲು ಕ್ಲಚ್ಚಿನ ಮೇಲೆ ಗಾಡಿ ನಿಲ್ಲಿಸುವ ಅಭ್ಯಾಸ ಪ್ಲೇಟನ್ನು ಬೇಗ ತಿನ್ನುತ್ತದೆ.

ಬ್ರೇಕ್ ಹಿಡಿದುಕೊಂಡಿದ್ದರೂ ಗಾಡಿ ಎಳೆಯದಂತೆ ತೋರುತ್ತದೆ. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಗಾಡಿಗಳಲ್ಲಿ ಇದು ಸಾಮಾನ್ಯ. ಹತ್ತು ಕಿ.ಮೀ. ಓಡಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಹೆಚ್ಚು ಕಾವಾಗಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಬಹಳ ದಿನ ನಿಲ್ಲಿಸುವಾಗ ಸಪಾಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಹಿಂದೆಮುಂದೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಡುವುದು ಮೇಲು.

ನಗೆಪಾಟಲಾದರೂ ಹೇಳಬೇಕಾದ ಇನ್ನೊಂದು ಕಾರಣವಿದೆ. ಕೆಸರಿಗೆಂದು ಕಾಲಡಿ ದಪ್ಪ ಚಾಪೆ ಹಾಸಿದ್ದರೆ ಪೆಡಲ್ ಪೂರ್ತಿ ಇಳಿಯುವುದೇ ಇಲ್ಲ. ಕೇಬಲ್ ಇರುವ ಹಳೆಯ ಗಾಡಿಗಳಲ್ಲಿ ಕೇಬಲ್ ಸಡಿಲಾದರೂ ಹೀಗೆಯೇ. ಒಬ್ಬರು ಪೆಡಲ್ ತುಳಿಯಲಿ, ಇಂಜಿನ್ ಆರಿಸಿ ಇನ್ನೊಬ್ಬರು ಬಾನೆಟ್ಟಿನ ಕೆಳಗೆ ಕೈಪಟ್ಟಿ ಕೊನೆಯವರೆಗೆ ತಿರುಗುತ್ತದೆಯೇ ನೋಡಲಿ. ಇದಕ್ಕೆ ಖರ್ಚಿಲ್ಲ.

ಹೊಸ ಗಾಡಿಗಳ ಹೊಸ ತೊಡಕು

ಈಚಿನ ಗಾಡಿಗಳಲ್ಲಿ ಪೆಡಲಿಗೂ ಇಂಜಿನ್ನಿಗೂ ನಡುವೆ ಕೇಬಲ್ ಇಲ್ಲ. ಪೆಡಲಿನ ಕೆಳಗಿನ ಸೆನ್ಸರ್ ವಿದ್ಯುತ್ ಸಂದೇಶ ಕಳಿಸುತ್ತದೆ. ಗಾಳಿ ಅಳೆಯುವ ಸೆನ್ಸರ್, ಒತ್ತಡ ಅಳೆಯುವ ಸೆನ್ಸರ್ ತಮ್ಮ ಲೆಕ್ಕ ಕೊಡುತ್ತವೆ. ಇವನ್ನೆಲ್ಲ ಕೂಡಿಸಿ ಎಷ್ಟು ಎಣ್ಣೆ ಬಿಡಬೇಕೆಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಇಂಜಿನ್ ಕೆಡಬಾರದೆಂದು ಅದು ಬೇಕೆಂದೇ ಶಕ್ತಿ ಕಡಿಮೆ ಮಾಡಿ, ಹಳದಿ ದೀಪ ಹೊತ್ತಿಸಿ, ದೋಷದ ಸಂಖ್ಯೆಯೊಂದನ್ನು ಬರೆದಿಟ್ಟುಕೊಳ್ಳುತ್ತದೆ. ಸ್ಕ್ಯಾನರ್ ಜೋಡಿಸಿದರೆ ಆ ಸಂಖ್ಯೆ ಓದಬಹುದು. ಪಿ 0299 ಎಂದು ಬಂದರೆ ಟರ್ಬೊ ಒತ್ತಡ ಸಾಲದು. ಪಿ 0087 ಎಂದರೆ ಡೀಸೆಲ್ ಒತ್ತಡ ಸಾಲದು. ಪಿ 0101 ಎಂದರೆ ಗಾಳಿ ಅಳೆಯುವ ಸೆನ್ಸರಿನ ಲೆಕ್ಕ ತಪ್ಪು. ಪಿ 2138 ಎಂದರೆ ಪೆಡಲ್ ಸೆನ್ಸರಿನ ಎರಡು ಸಂದೇಶಗಳು ಹೊಂದುತ್ತಿಲ್ಲ.

ಸಂಖ್ಯೆ ದಾರಿ ತೋರಿಸುತ್ತದೆಯೇ ಹೊರತು ಯಾವ ಭಾಗ ಬದಲಾಯಿಸಬೇಕೆಂದು ಹೇಳುವುದಿಲ್ಲ. ಪಿ 0299 ಬಂತೆಂದು ಟರ್ಬೊವನ್ನೇ ಬದಲಾಯಿಸಿದರೆ ನಮ್ಮ ಇಂಜೆಕ್ಟರಿನ ಕಥೆಯೇ ಮತ್ತೆ ನಡೆಯುತ್ತದೆ; ಕಾರಣ ಸೀಳಿದ ಪೈಪೇ ಇರಬಹುದು. ಸೆನ್ಸರ್ ದೋಷವೆಂದು ಬಂದಾಗಲೂ ಮೊದಲು ವೈರನ್ನು ಇಲಿ ಕಡಿದಿದೆಯೇ ನೋಡಬೇಕು. ತೋಟದ ಮನೆಗಳಲ್ಲಿ ಇದು ಮೇಲಿಂದ ಮೇಲೆ ಆಗುವಂಥದು.

2020ರ ಏಪ್ರಿಲ್ 1ರಿಂದ ಮಾರಾಟವಾದ ಬಿ.ಎಸ್. 6 ಡೀಸೆಲ್ ಗಾಡಿಗಳನ್ನು ಕೊಂಡವರು ಇನ್ನೊಂದನ್ನು ಅವಶ್ಯವಾಗಿ ತಿಳಿದಿರಬೇಕು. ಇವುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯಿದೆ, ಇದಕ್ಕೆ ಡಿ.ಪಿ.ಎಫ್. ಎನ್ನುತ್ತಾರೆ. ತುಂಬಿದ ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳುತ್ತದೆ; ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಮನೆಯಿಂದ ತೋಟಕ್ಕೆ, ತೋಟದಿಂದ ಅಂಗಡಿಗೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಗಾಡಿಗೆ ಅಷ್ಟು ಕಾವು ಎಂದೂ ಬರುವುದಿಲ್ಲ. ಜರಡಿ ಕಟ್ಟಿ ಗಾಡಿ ಎಳೆಯದಾಗುತ್ತದೆ. ಇದಕ್ಕೆ ಮದ್ದು ಸುಲಭ: ವಾರಕ್ಕೊಮ್ಮೆ ಧಾರವಾಡ ರಸ್ತೆಯಂಥ ಕಡೆ ಅರ್ಧ ಗಂಟೆ ಒಂದೇ ಸಮನೆ ಓಡಿಸುವುದು, ಡಿ.ಪಿ.ಎಫ್. ದೀಪ ಬಂದರೆ ಗಾಡಿಯ ಪುಸ್ತಕದಲ್ಲಿ ಹೇಳಿದಂತೆ ಮಾಡುವುದು. ಹೀಗೆ ಮಸಿ ಸುಡುತ್ತಿರುವ ಗಾಡಿಯನ್ನು ಒಣಹುಲ್ಲು, ತರಗೆಲೆಯ ಮೇಲೆ ನಿಲ್ಲಿಸಲೇಬಾರದು. ಬೇಸಿಗೆಯಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಇರುವವರು ನಾವು. ಒಂದು ಕಿಡಿ ಬೆಟ್ಟವನ್ನೇ ಸುಟ್ಟೀತು. ಜರಡಿಯನ್ನು ಕೊರೆದು ತೆಗೆಸುವ, ಹೊಗೆಯನ್ನು ಮರಳಿ ಇಂಜಿನ್ನಿಗೆ ಕೊಡುವ ಇ.ಜಿ.ಆರ್. ವಾಲ್ವನ್ನು ತಗಡಿನಿಂದ ಮುಚ್ಚಿಸುವ ಸಲಹೆಗಳನ್ನು ಕೆಲವರು ಕೊಡುತ್ತಾರೆ. ಅದು ನಿಯಮಕ್ಕೆ ವಿರುದ್ಧ. ವಾಲ್ವಿಗೆ ಮಸಿ ಹಿಡಿದು ಸಿಕ್ಕಿಕೊಂಡಿದ್ದರೆ ಬಿಚ್ಚಿ ಸ್ವಚ್ಛ ಮಾಡಿಸಿದರೆ ಸಾಕಾಗುವುದೇ ಹೆಚ್ಚು.

ದೋಷವಲ್ಲದ ತಡ

ಟರ್ಬೊ ಗಾಡಿಯಲ್ಲಿ ತುಸು ತಡ ಹುಟ್ಟುಗುಣ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ ಎಂಬ ಇಂಜಿನಿಯರು 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದರು. ಹೊರಗೆ ಹೋಗುವ ಹೊಗೆಯ ಬಲದಿಂದ ಪಂಕ ತಿರುಗಿಸಿ ಒಳಗೆ ಗಾಳಿ ತುಂಬುವುದು ಅದರ ತತ್ವ. ಹೊಗೆ ಹೆಚ್ಚಾಗಿ ಪಂಕ ವೇಗ ಪಡೆಯುವವರೆಗೆ ಒಂದರೆಕ್ಷಣ ಕಾಯಲೇಬೇಕು. ನಾಲ್ಕನೆಯ ಗೇರಿನಲ್ಲಿ ಸುತ್ತು 1,200ಕ್ಕೆ ಇಳಿದಿರುವಾಗ ತುಳಿದರೆ ಯಾವ ಹೊಸ ಗಾಡಿಯೂ ತಡಮಾಡುತ್ತದೆ. ಗೇರ್ ಇಳಿಸಿ ಸುತ್ತು ಎರಡು ಸಾವಿರದ ಹತ್ತಿರ ಬಂದ ಮೇಲೆ ಹೊರಡಬೇಕು. ಗೇರ್ ಇಳಿಸಿದರೂ ಎರಡು ಸೆಕೆಂಡು ತಡವಾದರೆ, ಮೊದಲು ಇಲ್ಲದ ತಡ ಈಗ ಬಂದಿದ್ದರೆ, ಅದು ದೋಷ.

ವರ್ಷದ ಪಾಲನೆ

ತೋಟದ ಕೆಲಸಕ್ಕೆ ಪಂಚಾಂಗ ಇರುವಂತೆ ಗಾಡಿಗೂ ಒಂದನ್ನು ಇಟ್ಟುಕೊಳ್ಳಬಹುದು. ಮಳೆಗೆ ಮುಂಚೆ ಮೇ ತಿಂಗಳಲ್ಲಿ ಡೀಸೆಲ್ ಫಿಲ್ಟರ್, ಬ್ರೇಕ್, ರಬ್ಬರ್ ಪೈಪು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರು ಬಿಡುವುದು. ಆಯುಧಪೂಜೆಗೆ ಗಾಡಿ ತೊಳೆದು ಹೂ ಏರಿಸುವಾಗ ಬಾನೆಟ್ ಎತ್ತಿ ಇಲಿಯ ಗೂಡು, ವೈರು ನೋಡುವುದು. ಅಡಿಕೆ ಕೊಯ್ಲು, ಕಾಫಿ ಹಣ್ಣಿನ ಕೊಯ್ಲು ಒಟ್ಟಿಗೆ ಬೀಳುವ ಚಳಿಗಾಲಕ್ಕೆ ಮುಂಚೆ ಏರ್ ಫಿಲ್ಟರ್ ಮತ್ತು ಕ್ಲಚ್. ಹೀಗೆ ಮಾಡಿದರೆ ಭಾರದ ದಿನಗಳಲ್ಲಿ ಗಾಡಿ ಕೈಕೊಡುವ ಸಂಭವ ಕಡಿಮೆ.

ಸ್ಕ್ಯಾನರಿನ ಸಣ್ಣ ಉಪಕರಣ ಈಗ ಒಂದೆರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಸಿಂಪರಣೆಯ ಪಂಪನ್ನು ಕೊಡುವಂತೆ ಇದನ್ನೂ ಸಂಘದಲ್ಲಿ ಒಂದಿಟ್ಟು ಸದಸ್ಯರಿಗೆ ಒದಗಿಸುವ ಸೂಚನೆಯನ್ನು ಮುಂದಿನ ಸಭೆಯಲ್ಲಿ ಆಡಳಿತ ಮಂಡಳಿಯ ಮುಂದೆ ಇಡಲಿದ್ದೇವೆ. ಸದಸ್ಯರು ತಮ್ಮ ಗಾಡಿಗೆ ಬಂದ ದೋಷ, ಕಂಡ ಲಕ್ಷಣ, ಕೊನೆಗೆ ಸಿಕ್ಕ ಕಾರಣ ಮತ್ತು ಆದ ಖರ್ಚನ್ನು ಕಚೇರಿಯಲ್ಲಿ ಇಟ್ಟಿರುವ ವಹಿಯಲ್ಲಿ ಬರೆದರೆ ಮುಂದಿನವರಿಗೆ ದಾರಿಯಾಗುತ್ತದೆ. ಮೊದಲನೆಯ ಪುಟದಲ್ಲಿ ನಮ್ಮ ಇಂಜೆಕ್ಟರಿನ ಖರ್ಚನ್ನು ನಾವೇ ಬರೆದಿಟ್ಟಿದ್ದೇವೆ.

ನೆರೆಮನೆಯ ತಾಯಿ ಈಗ ಗುಣವಾಗಿದ್ದಾರೆ. ಮತ್ತೆ ಕಾರವಾರಕ್ಕೆ ತೋರಿಸಲು ಹೋಗಬೇಕಾದಾಗ ನಮ್ಮ ಗಾಡಿಯಲ್ಲಿಯೇ ಬಂದರು. ಹತ್ತುವ ಮೊದಲು ಮಾತ್ರ, "ಪೈಪು ನೋಡಿದೆಯೇನೋ ತಮ್ಮಾ?" ಎಂದು ಕೇಳಿದರು. ನೋಡಿದ್ದೇವೆ ಎಂದೆವು. ಘಟ್ಟದಲ್ಲಿ ಲಾರಿಯ ಹಿಂದೆಯೇ ನಿಧಾನವಾಗಿ ಬಂದೆವು.

— ಕಾರ್ಯದರ್ಶಿ